ಸಮುದ್ರ ವಿಜ್ಞಾನಿ ಆಗಬೇಕಾ? ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ

ಸಮುದ್ರ ವಿಜ್ಞಾನಿ ಆಗೋಕೆ ಯಾವ ಕೋರ್ಸ್ ಸೇರಬೇಕು ಅಂತ ಆಗಾಗ ಮಕ್ಕಳು ಬರೆದು ಕೇಳುತ್ತಾರೆ. ಕೆಲವೊಮ್ಮೆ ಅವರ ಅಪ್ಪ ಅಮ್ಮ ಕೇಳುತ್ತಾರೆ. ನಾನು ಎಲ್ಲರಿಗೂ ಮೊದಲು ಒಂದೇ ಪ್ರಶ್ನೆ ವಾಪಸ್ ಕೇಳುತ್ತೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಭೂವಿಜ್ಞಾನ, ಗಣಿತ, ಇವುಗಳಲ್ಲಿ ಯಾವುದನ್ನು ಓದುವಾಗ ನಿಮಗೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ? ಅದನ್ನೇ ಹಿಡಿದುಕೊಳ್ಳಿ. ಸಮುದ್ರ ಆಮೇಲೆ ಬರಲಿ.

ಇದನ್ನು ಕೇಳಿ ಎಷ್ಟೋ ಜನಕ್ಕೆ ನಿರಾಸೆ ಆಗುತ್ತದೆ, ಗೊತ್ತು. ಶಾಲೆ ಮುಗಿದ ಕೂಡಲೇ ಸಮುದ್ರದ ಹೆಸರಿರುವ ಪದವಿಗೇ ಸೇರಬೇಕು ಅನ್ನುವ ಆಸೆ ಇರುತ್ತದೆ. ಅಂಥ ಪದವಿಗಳು ಇವೆ, ಕೆಲವು ಚೆನ್ನಾಗಿಯೂ ಇವೆ. ಆದರೆ ಸಮುದ್ರ ವಿಜ್ಞಾನ ಅನ್ನುವುದು ಒಂದೇ ವಿಷಯ ಅಲ್ಲ. ಅಲೆ, ಪ್ರವಾಹ, ಶಾಖದ ಬಗ್ಗೆ ಕೆಲಸ ಮಾಡುವವರು ಮೂಲದಲ್ಲಿ ಭೌತಶಾಸ್ತ್ರದವರು ಅಥವಾ ಗಣಿತದವರು. ನೀರಿನಲ್ಲಿ ಕರಗಿರುವುದನ್ನು ಅಳೆಯುವವರು ರಸಾಯನಶಾಸ್ತ್ರದವರು. ಜೀವಿಗಳನ್ನು ನೋಡುವವರು ಜೀವಶಾಸ್ತ್ರದವರು, ತಳದ ಕಲ್ಲು ಕೆಸರು ನೋಡುವವರು ಭೂವಿಜ್ಞಾನದವರು. ಉಪಕರಣ ಕಟ್ಟುವವರು ಎಂಜಿನಿಯರುಗಳು. ಒಂದು ಮೂಲ ವಿಷಯ ಗಟ್ಟಿ ಇದ್ದವರಿಗೆ ಸ್ನಾತಕೋತ್ತರ ಓದಿನಲ್ಲಿ ಸಮುದ್ರವನ್ನು ಕಲಿಸಬಹುದು. ಮೂಲ ವಿಷಯವೇ ಸಡಿಲ ಇದ್ದರೆ ಆಮೇಲೆ ಅದನ್ನು ಸರಿ ಮಾಡಿಕೊಳ್ಳುವುದು ತುಂಬಾ ಕಷ್ಟ. ನಾನು ರಸಾಯನಶಾಸ್ತ್ರದ ದಾರಿಯಲ್ಲಿ ಬಂದವಳು. ಕಾಲೇಜಿನ ಮೂರು ವರ್ಷ ಸಮುದ್ರದ ಒಂದು ಪಾಠವನ್ನೂ ಓದಿರಲಿಲ್ಲ, ಅದರಿಂದ ನನಗೆ ನಷ್ಟವೇನೂ ಆಗಲಿಲ್ಲ.

ಗಣಿತದ ವಿಷಯ ಮಾತ್ರ ಬೇರೆ. ಯಾವ ದಾರಿ ಹಿಡಿದರೂ ಗಣಿತ ಬಿಡಬೇಡಿ. ಜೀವಶಾಸ್ತ್ರ ತಗೊಂಡರೆ ಗಣಿತದಿಂದ ತಪ್ಪಿಸಿಕೊಳ್ಳಬಹುದು ಅಂದುಕೊಂಡು ಬರುವವರನ್ನು ತುಂಬಾ ನೋಡಿದ್ದೇನೆ. ಎರಡನೇ ವರ್ಷಕ್ಕೆ ಅವರಿಗೆ ಉಸಿರು ಕಟ್ಟುತ್ತದೆ.

ಒಂದು ಹಳೆಯ ಕಥೆ ಹೇಳುತ್ತೇನೆ. 1893ರಿಂದ 1896ರವರೆಗೆ ನಾರ್ವೆಯ ಫ್ರಿತ್ಯೋಫ್ ನಾನ್ಸೆನ್ ಅವರ ಫ್ರಾಂ ಹಡಗು ಉತ್ತರ ಧ್ರುವದ ಸಮುದ್ರದಲ್ಲಿ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡೇ ತೇಲುತ್ತಾ ಹೋಯಿತು. ಬೇಕಂತಲೇ ಹಾಗೆ ಸಿಕ್ಕಿಸಿದ್ದರು, ಮಂಜು ಎಲ್ಲಿಗೆ ಹೋಗುತ್ತದೆ ಅಂತ ನೋಡುವುದಕ್ಕೆ. ಆಗ ನಾನ್ಸೆನ್ ಒಂದು ವಿಷಯ ಗಮನಿಸಿದರು. ಮಂಜುಗಡ್ಡೆ ಗಾಳಿ ಬೀಸಿದ ದಿಕ್ಕಿಗೇ ಹೋಗುತ್ತಿರಲಿಲ್ಲ, ಅದರಿಂದ 20ರಿಂದ 40 ಡಿಗ್ರಿ ಬಲಕ್ಕೆ ಸರಿಯುತ್ತಿತ್ತು. ಭೂಮಿ ತಿರುಗುವುದೇ ಕಾರಣ ಇರಬೇಕು ಅಂತ ಅವರಿಗೆ ಅನ್ನಿಸಿತು. ಆದರೆ ಅನ್ನಿಸಿದರೆ ಸಾಲದಲ್ಲ. ಆ ಪ್ರಶ್ನೆ ಎಕ್‌ಮನ್ ಎಂಬ ಯುವ ವಿದ್ಯಾರ್ಥಿಯ ಕೈಗೆ ಹೋಯಿತು. ಅವರು ಕೂತು ಲೆಕ್ಕ ಮಾಡಿದರು, 1905ರ ಅವರ ಪ್ರಬಂಧ ಇವತ್ತಿಗೂ ಎಲ್ಲರೂ ಓದುವ ಪಾಠ. ಮೇಲಿನ ಪದರ ತನ್ನ ಕೆಳಗಿನ ಪದರವನ್ನು ಎಳೆಯುತ್ತದೆ, ಅದು ಇನ್ನಷ್ಟು ತಿರುಗುತ್ತದೆ, ಹೀಗೆ ಆಳಕ್ಕೆ ಹೋದಂತೆ ತಿರುಗುತ್ತಾ ತಿರುಗುತ್ತಾ ವೇಗ ಕಡಿಮೆಯಾಗುತ್ತದೆ. ಎಲ್ಲವನ್ನೂ ಕೂಡಿಸಿ ನೋಡಿದರೆ ಉತ್ತರಾರ್ಧ ಗೋಳದಲ್ಲಿ ನೀರು ಗಾಳಿಯ ದಿಕ್ಕಿಗೆ 90 ಡಿಗ್ರಿ ಬಲಕ್ಕೆ ಸಾಗುತ್ತದೆ, ದಕ್ಷಿಣಾರ್ಧದಲ್ಲಿ ಎಡಕ್ಕೆ.

ಇದು ಮೀನಿನ ಬಗ್ಗೆ ಓದುವವರಿಗೆ ಯಾಕೆ ಬೇಕು ಅಂತೀರಾ? ಪೆರು, ಕ್ಯಾಲಿಫೋರ್ನಿಯಾ ಥರದ ಕರಾವಳಿಗಳಲ್ಲಿ ಗಾಳಿ ದಡದ ಉದ್ದಕ್ಕೂ ಬೀಸುತ್ತದೆ, ಮೇಲಿನ ನೀರು ಇದೇ ಲೆಕ್ಕದಂತೆ ದಡದಿಂದ ಆಚೆ ಸರಿಯುತ್ತದೆ, ಆ ಜಾಗ ತುಂಬಲು ಆಳದಿಂದ ತಣ್ಣನೆಯ ನೀರು ಮೇಲೇಳುತ್ತದೆ, ಆ ನೀರಿನ ಜೊತೆ ನೈಟ್ರೇಟ್, ಫಾಸ್ಫೇಟ್ ಬರುತ್ತವೆ, ಅವನ್ನು ಉಂಡು ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವುಗಳ ಬೆನ್ನಿಗೇ ಮೀನು. ಅಲ್ಲಿ ಮೀನು ಯಾಕೆ ಅಷ್ಟು ಅನ್ನುವುದಕ್ಕೆ ಉತ್ತರ ಎಕ್‌ಮನ್ ಅವರ ಸಮೀಕರಣದಲ್ಲಿದೆ. ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಸಮೀಕರಣ, ಮ್ಯಾಟ್ರಿಕ್ಸ್ ಇಷ್ಟು ಬಂದರೆ ಅದನ್ನು ನೀವೇ ಬಿಡಿಸಬಹುದು. ಬರದಿದ್ದರೆ ಬೇರೆಯವರು ಹೇಳಿದ್ದನ್ನು ನಂಬಿಕೊಂಡು ಕೂರಬೇಕು.

ರಸಾಯನಶಾಸ್ತ್ರದಲ್ಲೂ ಅಷ್ಟೇ. ಕೈಗಾರಿಕೆ ಶುರುವಾದಾಗಿನಿಂದ ಸಮುದ್ರದ ಮೇಲ್ಭಾಗದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ (ಪಿಎಚ್ ಇಳಿದಷ್ಟೂ ನೀರಿನ ಆಮ್ಲೀಯತೆ ಹೆಚ್ಚು). ಬರೀ 0.1 ತಾನೇ ಅನ್ನಿಸುತ್ತದೆ. ಪಿಎಚ್ ಲಾಗರಿದಮ್ ಅಳತೆ, ಆದ್ದರಿಂದ ಆ 0.1 ಇಳಿಕೆ ಅಂದರೆ ಹೈಡ್ರೋಜನ್ ಅಯಾನುಗಳು ಕಾಲು ಭಾಗಕ್ಕಿಂತ ಜಾಸ್ತಿ ಏರಿವೆ ಅಂತ. ಚಿಪ್ಪು ಕಟ್ಟುವ ಜೀವಿಗಳಿಗೆ ಅದು ದೊಡ್ಡ ಬದಲಾವಣೆ. ಲಾಗರಿದಮ್ ಗೊತ್ತಿಲ್ಲದವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಎರಡು ಮಾತು. ಇವತ್ತಿನ ನೀರಿನ ಬಿಸಿ ನಿನ್ನೆಯದಕ್ಕೆ ಹತ್ತಿರವೇ ಇರುತ್ತದೆ. ಹಾಗಾಗಿ ನೂರು ದಿನದ ಅಳತೆ ಇದ್ದರೂ ನೂರು ಬೇರೆ ಬೇರೆ ಸಾಕ್ಷಿ ಸಿಕ್ಕಂತೆ ಅಲ್ಲ. ಇದನ್ನು ಮರೆತು ಲೆಕ್ಕ ಮಾಡಿದರೆ ಇಲ್ಲದ ಸಂಬಂಧಗಳೆಲ್ಲ ಇದ್ದ ಹಾಗೆ ಕಾಣುತ್ತವೆ. ಪದವಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಐಚ್ಛಿಕ ಅಂತ ಬಿಟ್ಟುಬಿಡಬೇಡಿ.

ಇನ್ನು ಕಂಪ್ಯೂಟರ್. ಪೈಥಾನ್ ಅಥವಾ ಆರ್, ಈ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಯಾವುದಾದರೂ ಒಂದು ಚೆನ್ನಾಗಿ ಬರಲಿ. ಸಮುದ್ರದ ದೊಡ್ಡ ಕಂಪ್ಯೂಟರ್ ಮಾದರಿಗಳು ಈಗಲೂ ಬಹುಪಾಲು ಫೋರ್‌ಟ್ರಾನ್ ಎಂಬ ಹಳೆಯ ಭಾಷೆಯಲ್ಲೇ ಇವೆ, ಆ ಕಡೆ ಹೋಗುವವರು ಅದನ್ನೂ ಓದಲು ಕಲಿಯಬೇಕು. ಲಿನಕ್ಸ್‌ನಲ್ಲಿ ಕೆಲಸ ಮಾಡುವ ರೂಢಿ ಬೇಕು, ಡೇಟಾ ಹೆಚ್ಚಾಗಿ ನೆಟ್‌ಸಿಡಿಎಫ್ ಎಂಬ ರೂಪದಲ್ಲಿ ಬರುತ್ತದೆ, ಅದನ್ನು ತೆರೆಯಲು ಬರಬೇಕು. ಇದ್ಯಾವುದಕ್ಕೂ ಪದವಿ ಮುಗಿಯುವವರೆಗೆ ಕಾಯುವ ಅಗತ್ಯ ಇಲ್ಲ.

ನನಗೆ ಹೆಚ್ಚು ಹೇಳಬೇಕು ಅನ್ನಿಸುವುದು ಕೈಕೆಲಸದ ಬಗ್ಗೆ. ಪುಸ್ತಕದಲ್ಲಿ ಇದು ಸಿಗುವುದಿಲ್ಲ.

ಸಂಶೋಧನಾ ಹಡಗಿನ ಮುಖ್ಯ ಉಪಕರಣದ ಹೆಸರು ಸಿಟಿಡಿ. ನೀರು ಎಷ್ಟು ವಿದ್ಯುತ್ ಹರಿಸುತ್ತದೆ, ಎಷ್ಟು ಬಿಸಿ ಇದೆ, ಎಷ್ಟು ಆಳದಲ್ಲಿದೆ ಅಂತ ಅಳೆಯುತ್ತದೆ. ಮೊದಲನೆಯದರಿಂದ ಉಪ್ಪಿನಂಶ ಲೆಕ್ಕ ಹಾಕುತ್ತಾರೆ, ಒಂದು ಕಿಲೋ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪು ಇರುತ್ತದೆ. ಅದರ ಸುತ್ತ ಚಕ್ರದ ಹಾಗೆ ಉದ್ದನೆಯ ಬಾಟಲಿಗಳನ್ನು ಕಟ್ಟಿರುತ್ತಾರೆ, ಸಾಮಾನ್ಯವಾಗಿ 24. ಎರಡೂ ಬಾಯಿ ತೆರೆದುಕೊಂಡು ಕೆಳಗೆ ಹೋಗುತ್ತವೆ, ಮೇಲೆ ಬರುವಾಗ ಬೇಕಾದ ಆಳದಲ್ಲಿ ಒಂದೊಂದನ್ನೇ ಮುಚ್ಚುತ್ತಾರೆ. ಅದನ್ನು ಇಳಿಸುವ ವಿಂಚ್ ಯಂತ್ರ ಸೆಕೆಂಡಿಗೆ ಸುಮಾರು ಒಂದು ಮೀಟರ್ ಕೇಬಲ್ ಬಿಡುತ್ತದೆ. 4000 ಮೀಟರ್ ಅಂದರೆ ಇಳಿಯುವುದಕ್ಕೇ ಒಂದು ಗಂಟೆಗಿಂತ ಜಾಸ್ತಿ, ಹತ್ತುವುದಕ್ಕೆ ಇನ್ನೂ ಹೆಚ್ಚು. ಮೂರು ಗಂಟೆ ಹಿಡಿಯುತ್ತದೆ ಅಂದುಕೊಳ್ಳಿ. ಅಲ್ಲಿ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ 400 ಪಟ್ಟು.

ಅದು ಡೆಕ್ಕಿಗೆ ಬಂದ ಕೂಡಲೇ ಎಲ್ಲರೂ ಸಾಲಾಗಿ ನಿಂತು ನೀರು ತುಂಬಿಕೊಳ್ಳಬೇಕು. ಸಾಲಿಗೆ ಒಂದು ಕ್ರಮ ಇದೆ. ಆಮ್ಲಜನಕದಂಥ ಅನಿಲ ಅಳೆಯುವವರು ಮುಂದೆ, ಯಾಕಂದ್ರೆ ಬಾಟಲಿ ತೆರೆದ ಕ್ಷಣದಿಂದ ಹೊರಗಿನ ಗಾಳಿ ಬೆರೆಯಲು ಶುರುವಾಗುತ್ತದೆ. ಉಪ್ಪು ಅಳೆಯುವವರು ಕೊನೆಗೆ. ನನ್ನ ಮೊದಲ ಯಾನದಲ್ಲಿ ನನಗೆ ಆಮ್ಲಜನಕದ ಕೆಲಸ ಕೊಟ್ಟಿದ್ದರು. ರಬ್ಬರ್ ಕೊಳವೆಯನ್ನು ಸೀಸೆಯ ತಳಕ್ಕೆ ಮುಟ್ಟಿಸಬೇಕು, ಕೊಳವೆಯಲ್ಲಿ ಗುಳ್ಳೆ ಇರದಂತೆ ಹಿಸುಕಬೇಕು, ಸೀಸೆಯ ಮೂರು ಪಟ್ಟು ನೀರು ಉಕ್ಕಿ ಹೋಗುವವರೆಗೆ ಬಿಡಬೇಕು, ತಕ್ಷಣ ಮ್ಯಾಂಗನೀಸ್ ದ್ರಾವಣ ಮತ್ತು ಕ್ಷಾರೀಯ ಅಯೊಡೈಡ್ ಹಾಕಿ ಬಿರಡೆ ಮುಚ್ಚಿ ಅಲ್ಲಾಡಿಸಬೇಕು. ಕಂದು ಬಣ್ಣದ ಗಷ್ಟು ಕೂರುತ್ತದೆ. ಆಮೇಲೆ ಆಮ್ಲ ಹಾಕಿ ಟೈಟ್ರೇಶನ್. 1888ರಲ್ಲಿ ಲಾಯೋಶ್ ವಿಂಕ್ಲರ್ ಹೇಳಿಕೊಟ್ಟ ವಿಧಾನ ಇದು, ಇವತ್ತಿನ ಎಲೆಕ್ಟ್ರಾನಿಕ್ ಸೆನ್ಸರ್‌ಗಳನ್ನು ಸರಿ ಇದೆಯಾ ಅಂತ ನೋಡುವುದೂ ಇದರಿಂದಲೇ.

ಕಾಲೇಜಿನ ಲ್ಯಾಬಿನಲ್ಲಿ ನಾನು ಟೈಟ್ರೇಶನ್ ಚೆನ್ನಾಗಿಯೇ ಮಾಡುತ್ತಿದ್ದೆ. ಹಡಗಿನಲ್ಲಿ ರಾತ್ರಿ ಮೂರು ಗಂಟೆಗೆ, ಕಾಲ ಕೆಳಗಿನ ನೆಲ ಓಲಾಡುತ್ತಿರುವಾಗ, ಹೊಟ್ಟೆ ತೊಳಸುತ್ತಿರುವಾಗ ಮಾಡುವುದು ಬೇರೆಯೇ ಕೆಲಸ. ಮೂರು ಸೀಸೆಗಳಲ್ಲಿ ಗುಳ್ಳೆ ಉಳಿದಿತ್ತು. ನಾನು ನೋಡಲಿಲ್ಲ. ಆಳದ ನೀರಿನಲ್ಲಿ ಇರಬೇಕಾದ್ದಕ್ಕಿಂತ ಆಮ್ಲಜನಕ ಜಾಸ್ತಿ ಬಂತು, ಹೊಸದೇನೋ ಸಿಕ್ಕಿತು ಅಂತ ಸಂತೋಷಪಟ್ಟೆ. ಬೆಳಿಗ್ಗೆ ಹಿರಿಯರೊಬ್ಬರು ಅಂಕಿ ನೋಡಿ, ಅಕ್ಕಪಕ್ಕದ ಆಳಗಳ ಜೊತೆ ಹೋಲಿಸಿ, ಲಾಗ್ ಶೀಟ್ ತೆಗೆಸಿ, ಯಾವ ಮೂರು ಸೀಸೆ ಅಂತ ಬೆರಳಿಟ್ಟು ತೋರಿಸಿದರು. ಬೈಯಲಿಲ್ಲ. ಮುಂದಿನ ಸಲ ಸಾಲಿನಲ್ಲಿ ನನ್ನ ಪಕ್ಕ ನಿಂತು, ಪ್ರತಿ ಸೀಸೆಯನ್ನೂ ಬೆಳಕಿಗೆ ಹಿಡಿದು ನೋಡುವುದನ್ನು ಕಲಿಸಿಕೊಟ್ಟರು. ನನ್ನ ಇಡೀ ಓದಿನಲ್ಲಿ ಅಷ್ಟು ದೊಡ್ಡ ಪಾಠ ಬೇರೆ ಯಾವುದೂ ಇಲ್ಲ. ಅಳತೆ ಎಲ್ಲಿಂದ ಬಂತು, ಯಾರ ಕೈಯಿಂದ ಬಂತು, ಎಲ್ಲಿ ಹಾಳಾಗಬಹುದು ಅಂತ ಗೊತ್ತಿದ್ದವರಿಗೇ ಅಂಕಿಯನ್ನು ಎಷ್ಟು ನಂಬಬೇಕು ಅಂತ ಗೊತ್ತಾಗುವುದು. ಕಂಪ್ಯೂಟರ್ ಮಾದರಿಗಳಲ್ಲೇ ಕೆಲಸ ಮಾಡುತ್ತೇನೆ ಅನ್ನುವವರೂ ಒಂದು ಸಲವಾದರೂ ಹಡಗು ಹತ್ತಲಿ ಅಂತ ನಾನು ಹೇಳುವುದು ಇದಕ್ಕೇ.

ಹಡಗು ಹತ್ತುವುದಕ್ಕೂ ತರಬೇತಿ ಬೇಕು. ವೈದ್ಯಕೀಯ ತಪಾಸಣೆ ಆಗಬೇಕು. ಸಾಮಾನ್ಯವಾಗಿ ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿಯನ್ನೂ ಕೇಳುತ್ತಾರೆ: ಲೈಫ್ ಜಾಕೆಟ್ ಹಾಕಿ ನೀರಿಗೆ ಜಿಗಿಯುವುದು, ಮಗುಚಿದ ರಾಫ್ಟ್ ನೆಟ್ಟಗೆ ಮಾಡಿ ಹತ್ತುವುದು, ಬೆಂಕಿ ಆರಿಸುವುದು. ಹಡಗು ಹಗಲು ರಾತ್ರಿ ಕೆಲಸ ಮಾಡುತ್ತದೆ, ಪಾಳಿ ಹೆಚ್ಚಾಗಿ 12 ಗಂಟೆಯದು. ವಾಂತಿಯ ಬಗ್ಗೆ ಎಲ್ಲರೂ ಹೆದರಿ ಕೇಳುತ್ತಾರೆ. ಬಹಳಷ್ಟು ಜನಕ್ಕೆ ಎರಡು ಮೂರು ದಿನದಲ್ಲಿ ಒಗ್ಗಿಹೋಗುತ್ತದೆ, ಮಾತ್ರೆಗಳೂ ಇವೆ. ಒಗ್ಗದೇ ಇದ್ದರೂ ಈ ಕ್ಷೇತ್ರ ಬಿಡಬೇಕಾಗಿಲ್ಲ. ಉಪಗ್ರಹಗಳು 1992ರಿಂದಲೂ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಎತ್ತರದಿಂದ ಸಮುದ್ರದ ಮಟ್ಟವನ್ನು ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಅಳೆಯುತ್ತಿವೆ, ಅದನ್ನೇ ಜೀವನಪೂರ್ತಿ ಅಧ್ಯಯನ ಮಾಡುವವರಿದ್ದಾರೆ. ಹಾಗೆಯೇ ನೀರಿನೊಳಗೆ ಮುಳುಗುವ ಡೈವಿಂಗ್ ಎಲ್ಲರಿಗೂ ಬೇಕಾಗಿಲ್ಲ. ಹವಳದಂಥ ಕಡಿಮೆ ಆಳದ ಕೆಲಸಕ್ಕೆ ಬೇಕು, ಅದಕ್ಕೆ ಪ್ರತ್ಯೇಕ ವೈಜ್ಞಾನಿಕ ಡೈವಿಂಗ್ ತರಬೇತಿ ಇದೆ.

ಜೀವಶಾಸ್ತ್ರದ ಮಕ್ಕಳಿಗೆ ಒಂದು ಮಾತು. ಡಾಲ್ಫಿನ್, ತಿಮಿಂಗಿಲ ನೋಡಿ ಈ ಕಡೆ ಬರುವುದು ಒಳ್ಳೆಯದೇ, ನಾನೂ ಹಾಗೆ ಮನಸ್ಸು ಕೊಟ್ಟವಳೇ. ಆದರೆ ಸಮುದ್ರದ ಜೀವಶಾಸ್ತ್ರದ ಹೆಚ್ಚಿನ ಕೆಲಸ ಕಣ್ಣಿಗೆ ಕಾಣದ ಜೀವಿಗಳದ್ದು. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಅವು ಮಾಡುತ್ತವೆ. ಅವುಗಳಲ್ಲಿ ಪ್ರೋಕ್ಲೋರೋಕಾಕಸ್ ಎಂಬ ಬ್ಯಾಕ್ಟೀರಿಯಾ ಇದೆ, ಮಿಲಿಮೀಟರ್‌ನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು, ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳಲ್ಲಿ ಎಣಿಕೆಯಲ್ಲಿ ಮಾತ್ರ ಅದಕ್ಕೆ ಸಾಟಿಯೇ ಇಲ್ಲ. ಅದು ಇದೆ ಅಂತ ಜಗತ್ತಿಗೆ ತಿಳಿದದ್ದು 1988ರಲ್ಲಿ. ಪೆನ್ನಿ ಚಿಸ್‌ಹೋಮ್ ಮತ್ತು ಅವರ ಜೊತೆಗಾರರು ರಕ್ತಕಣಗಳನ್ನು ಎಣಿಸಲು ಬಳಸುವಂಥ ಫ್ಲೋ ಸೈಟೋಮೀಟರ್ ಯಂತ್ರವನ್ನು ಹಡಗಿಗೆ ಒಯ್ದು ಸಮುದ್ರದ ನೀರು ಹರಿಸಿ ನೋಡಿದ್ದರಿಂದ ಸಿಕ್ಕಿತು. ಹಾಗಾಗಿ ಲ್ಯಾಬಿನಲ್ಲಿ ಯಾವ ಯಂತ್ರ ಕಂಡರೂ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ಡಿಎನ್‌ಎ ಓದುವ ಕೆಲಸ, ಅದರ ಡೇಟಾ ವಿಶ್ಲೇಷಣೆ ಈಗ ಜೀವಶಾಸ್ತ್ರದವರಿಗೆ ಅತಿ ಮುಖ್ಯ.

ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ ಅಂದೆ. ಅದರ ಜೊತೆಗೇ ಬೇರೆಯವರ ಮಾತು ಅರ್ಥವಾಗುವಷ್ಟು ಅಕ್ಕಪಕ್ಕದ ವಿಷಯಗಳೂ ಬರಬೇಕು. 1977ರಲ್ಲಿ ಗಲಾಪಗೋಸ್ ಹತ್ತಿರ ಆಲ್ವಿನ್ ಎಂಬ ಮುಳುಗುನೌಕೆ ಸುಮಾರು 2500 ಮೀಟರ್ ಆಳಕ್ಕೆ ಇಳಿಯಿತು. ಹೋದವರು ಭೂವಿಜ್ಞಾನಿಗಳು, ರಸಾಯನಶಾಸ್ತ್ರಜ್ಞರು. ತಳದಲ್ಲಿ ಬಿಸಿನೀರಿನ ಬುಗ್ಗೆಗಳಿವೆಯಾ ಅಂತ ಹುಡುಕುವುದು ಅವರ ಉದ್ದೇಶ. ಬುಗ್ಗೆ ಸಿಕ್ಕಿತು. ಅದರ ಸುತ್ತ ದೊಡ್ಡ ದೊಡ್ಡ ಚಿಪ್ಪುಜೀವಿಗಳು, ಕೊಳವೆಹುಳುಗಳು ಕಿಕ್ಕಿರಿದಿದ್ದವು, ಬಿಸಿಲೇ ತಲುಪದ ಜಾಗದಲ್ಲಿ! ಯಾರೂ ಅದನ್ನು ನಿರೀಕ್ಷಿಸಿರಲಿಲ್ಲ. ಹಡಗಿನಲ್ಲಿ ಒಬ್ಬ ಜೀವಶಾಸ್ತ್ರಜ್ಞರೂ ಇರಲಿಲ್ಲ, ಜೀವಿಗಳನ್ನು ಕೆಡದಂತೆ ಇಡಲು ಸಾಕಷ್ಟು ಫಾರ್ಮಾಲ್ಡಿಹೈಡ್ ಕೂಡ ಇರಲಿಲ್ಲ. ಕೆಲವನ್ನು ವೋಡ್ಕಾದಲ್ಲಿ ಹಾಕಿ ತಂದರು. ತಮ್ಮ ವಿಷಯ ಅಲ್ಲದಿದ್ದರೂ ಅದರ ಬೆಲೆ ಅವರಿಗೆ ಗೊತ್ತಾಯಿತಲ್ಲ, ಅದು ನನಗೆ ತುಂಬಾ ಇಷ್ಟದ ಸಂಗತಿ. ಸಮುದ್ರಕ್ಕೆ ನಮ್ಮ ವಿಭಾಗಗಳ ಗೋಡೆ ಗೊತ್ತಿಲ್ಲ. ಸ್ನಾತಕೋತ್ತರದ ಎರಡು ವರ್ಷ ಇರುವುದು ಮುಖ್ಯವಾಗಿ ಇದಕ್ಕೇ, ನಾಲ್ಕೂ ಕಡೆಯ ಮೂಲ ಪಾಠಗಳನ್ನು ಒಂದು ಸುತ್ತು ಹಾಕುವುದಕ್ಕೆ.

ಆಮೇಲೆ ಪಿಎಚ್‌ಡಿ. ಸ್ವಂತವಾಗಿ ಸಂಶೋಧನೆ ನಡೆಸಬೇಕು, ಪಾಠ ಹೇಳಬೇಕು ಅನ್ನುವವರಿಗೆ ಸಾಮಾನ್ಯವಾಗಿ ಇದು ಬೇಕೇ ಬೇಕು. ಕೆಲವು ದೇಶಗಳಲ್ಲಿ ಮೂರು ನಾಲ್ಕು ವರ್ಷ, ಕೆಲವು ಕಡೆ ಐದು ಆರು. ವಿಶ್ವವಿದ್ಯಾಲಯದ ಹೆಸರಿಗಿಂತ ಮಾರ್ಗದರ್ಶಕರು ಯಾರು ಅನ್ನುವುದು ಮುಖ್ಯ. ಸೇರುವ ಮೊದಲು ಅವರ ಈಗಿನ ವಿದ್ಯಾರ್ಥಿಗಳ ಜೊತೆ ಮಾತಾಡಿ. ನಿಮ್ಮ ಪ್ರಬಂಧ ಓದಿ ತಿದ್ದುತ್ತಾರಾ, ಹಡಗಿಗೆ ಕಳಿಸುತ್ತಾರಾ, ಸಂಬಳ ಅಥವಾ ವಿದ್ಯಾರ್ಥಿವೇತನ ಎಷ್ಟು ವರ್ಷಕ್ಕೆ ಗ್ಯಾರಂಟಿ ಇದೆ ಅಂತ ಸಂಕೋಚ ಬಿಟ್ಟು ಕೇಳಿ. ಕೈಯಿಂದ ಹಣ ಹಾಕಿ ಪಿಎಚ್‌ಡಿ ಮಾಡುವ ಮುಂಚೆ ಹತ್ತು ಸಲ ಯೋಚಿಸಿ. ಪಿಎಚ್‌ಡಿ ನಂತರವೂ ಎರಡು ಮೂರು ವರ್ಷದ ತಾತ್ಕಾಲಿಕ ಕೆಲಸಗಳು ಒಂದೋ ಎರಡೋ ಆಗುತ್ತವೆ, ಊರು ಬದಲಾಗುತ್ತದೆ, ಖಾಯಂ ಕೆಲಸ ತಡವಾಗಿ ಸಿಗುತ್ತದೆ. ಇದನ್ನು ಮನೆಯವರಿಗೂ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಪಿಎಚ್‌ಡಿ ಬೇಡ ಅನ್ನುವವರಿಗೂ ಒಳ್ಳೆಯ ಕೆಲಸ ಇದೆ. ಉಪಕರಣ ನೋಡಿಕೊಳ್ಳುವ ತಂತ್ರಜ್ಞರಿಲ್ಲದೆ ಯಾವ ಯಾನವೂ ನಡೆಯುವುದಿಲ್ಲ. ಎಲೆಕ್ಟ್ರಾನಿಕ್ಸ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಸಮುದ್ರದ ಉಪಕರಣಗಳಲ್ಲಿ ಪಳಗಿದವರಿಗೆ ಬಹಳ ಬೇಡಿಕೆ. ಇನ್ನೊಂದು ದಾರಿ ಹೈಡ್ರೋಗ್ರಫಿ, ಅಂದರೆ ಶಬ್ದದ ಅಲೆ ಕಳಿಸಿ ಸಮುದ್ರದ ತಳದ ನಕ್ಷೆ ಮಾಡುವುದು. ಅಂತರರಾಷ್ಟ್ರೀಯ ಮಾನ್ಯತೆಯ ಎ ಮತ್ತು ಬಿ ದರ್ಜೆಯ ಕೋರ್ಸ್‌ಗಳಿವೆ. ಇಡೀ ಸಮುದ್ರ ತಳದಲ್ಲಿ ಈವರೆಗೆ ವಿವರವಾಗಿ ಅಳೆದಿರುವುದು ಸುಮಾರು ಕಾಲು ಭಾಗ ಅಷ್ಟೇ. ಕೆಲಸ ಎಷ್ಟು ಬಾಕಿ ಇದೆ ನೋಡಿ.

ನಾನು ಹೇಳಿದ ಕ್ರಮದಲ್ಲೇ ಬಂದಿಲ್ಲ, ತಡ ಆಯ್ತು ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಸಮುದ್ರ ತಳದ ನಕ್ಷೆ ಬಿಡಿಸಿದ ಮೇರಿ ಥಾರ್ಪ್ ಮೊದಲ ಪದವಿ ಮಾಡಿದ್ದು ಇಂಗ್ಲಿಷ್ ಮತ್ತು ಸಂಗೀತದಲ್ಲಿ. ಆಮೇಲೆ ಭೂವಿಜ್ಞಾನ, ಗಣಿತ ಓದಿದರು. ಹೆಂಗಸು ಅನ್ನುವ ಕಾರಣಕ್ಕೆ ಅವರನ್ನು ವರ್ಷಗಟ್ಟಲೆ ಹಡಗು ಹತ್ತಲು ಬಿಡಲಿಲ್ಲ. ಗಂಡಸರು ಹಡಗಿನಲ್ಲಿ ಹೋಗಿ ತಂದ ಆಳದ ಅಳತೆಗಳನ್ನು ಅವರು ಮೇಜಿನ ಮುಂದೆ ಕೂತು ಗೆರೆಗೆರೆಯಾಗಿ ಬಿಡಿಸಿದರು. 1950ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ನಡುವಿನ ಪರ್ವತ ಸಾಲಿನ ನೆತ್ತಿಯ ಮೇಲೆ ಉದ್ದಕ್ಕೂ ಒಂದು ಸೀಳು ಕಣಿವೆ ಇದೆ ಅಂತ ಅವರ ಕಣ್ಣಿಗೆ ಬಿತ್ತು. ಜೊತೆಯಲ್ಲಿದ್ದ ಬ್ರೂಸ್ ಹೀಜನ್ ಕೂಡ ಮೊದಲು ನಂಬಲಿಲ್ಲ. ಖಂಡಗಳು ಸರಿಯುತ್ತವೆ ಅನ್ನುವುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು. ಹೆನ್ರಿ ಸ್ಟೊಮೆಲ್ ಅವರಂತೂ ಪಿಎಚ್‌ಡಿ ಮಾಡಲೇ ಇಲ್ಲ. ಗಲ್ಫ್ ಸ್ಟ್ರೀಮ್‌ನಂಥ ಬಿರುಸಿನ ಪ್ರವಾಹಗಳು ಸಮುದ್ರದ ಪಶ್ಚಿಮ ಅಂಚಿನಲ್ಲೇ ಯಾಕೆ ಇರುತ್ತವೆ ಅಂತ 1948ರಲ್ಲಿ ಕೆಲವೇ ಪುಟಗಳಲ್ಲಿ ವಿವರಿಸಿದವರು ಅವರು. ಇವತ್ತು ಪಿಎಚ್‌ಡಿ ಇಲ್ಲದೆ ಆ ದಾರಿ ಕಷ್ಟ, ನಿಜ. ಆದರೂ ಇಬ್ಬರ ಕೈಯಲ್ಲೂ ಒಂದು ಗಟ್ಟಿ ಪಟ್ಟು ಇತ್ತು: ಒಬ್ಬರಿಗೆ ಅಂಕಿಯಿಂದ ಆಕಾರ ಬಿಡಿಸುವುದು, ಇನ್ನೊಬ್ಬರಿಗೆ ದೊಡ್ಡ ಪ್ರಶ್ನೆಯನ್ನು ಸಣ್ಣ ಸಮೀಕರಣಕ್ಕೆ ಇಳಿಸುವುದು.

ಈಗಲೇ ಏನಾದರೂ ಶುರು ಮಾಡಬೇಕು ಅನ್ನುವವರಿಗೆ ಒಂದು ಕೆಲಸ ಕೊಡುತ್ತೇನೆ, ಸುಮ್ನೆ ಓದಿ ಬಿಡಬೇಡಿ. ಆರ್ಗೋ ಎಂಬ ಅಂತರರಾಷ್ಟ್ರೀಯ ಯೋಜನೆ ಇದೆ. ಅದರ ಸುಮಾರು 4000 ಫ್ಲೋಟ್‌ಗಳು ಜಗತ್ತಿನ ಸಮುದ್ರಗಳಲ್ಲೆಲ್ಲ ತೇಲುತ್ತಿವೆ. ಪ್ರತಿಯೊಂದೂ 1000 ಮೀಟರ್ ಆಳದಲ್ಲಿ ತೇಲುತ್ತಾ ಹೋಗಿ, ಸುಮಾರು ಹತ್ತು ದಿನಕ್ಕೊಮ್ಮೆ 2000 ಮೀಟರ್‌ಗೆ ಇಳಿದು, ಅಲ್ಲಿಂದ ಅಳೆಯುತ್ತಾ ಮೇಲೆ ಬಂದು, ಉಪಗ್ರಹಕ್ಕೆ ಅಂಕಿಗಳನ್ನು ಕಳಿಸಿ ಮತ್ತೆ ಮುಳುಗುತ್ತದೆ. ಆ ಡೇಟಾ ಎಲ್ಲರಿಗೂ ಉಚಿತ. ವಿಜ್ಞಾನಿಗಳು ಬಳಸುವ ಅಂಕಿಗಳೇ ನಿಮಗೂ ಸಿಗುತ್ತವೆ. ನಿಮಗೆ ಇಷ್ಟವಾದ ಯಾವುದಾದರೂ ಸಮುದ್ರದ ಒಂದು ಫ್ಲೋಟ್ ಆರಿಸಿ. ಅದರ ಒಂದು ಅಳತೆ ಇಳಿಸಿಕೊಂಡು, ಅಡ್ಡಕ್ಕೆ ಬಿಸಿ, ಉದ್ದಕ್ಕೆ ಆಳ ಇಟ್ಟು ಗ್ರಾಫ್ ಹಾಕಿ, ಆಳ ಕೆಳಮುಖವಾಗಿ ಹೋಗಲಿ. ಮೇಲೆ ಸ್ವಲ್ಪ ದೂರ ಗೆರೆ ನೆಟ್ಟಗೆ ಇರುತ್ತದೆ, ಆಮೇಲೆ ಒಂದು ಕಡೆ ಜೋರಾಗಿ ತಣ್ಣಗಿನ ಕಡೆಗೆ ಬಾಗುತ್ತದೆ. ಅದಕ್ಕೆ ಥರ್ಮೋಕ್ಲೈನ್ ಅಂತಾರೆ. ಅದೇ ಫ್ಲೋಟ್‌ನ ಆರು ತಿಂಗಳ ಹಿಂದಿನ ಅಳತೆಯನ್ನೂ ಅದರ ಪಕ್ಕ ಹಾಕಿ ನೋಡಿ. ಬಾಗು ಶುರುವಾಗುವ ಆಳ ಎಷ್ಟು ಮೀಟರ್ ಸರಿದಿದೆ, ಯಾಕೆ ಸರಿದಿರಬಹುದು ಅಂತ ನಿಮಗೆ ತೋಚಿದ್ದನ್ನು ನನಗೆ ಬರೆದು ಕಳಿಸಿ.